ಹಬ್ಬದ ಮರುದಿನ

ಆಗಸ್ಟ್ ತಿಂಗಳ 30ನೆಯ ತಾರೀಕು ಬಂತೆಂದರೆ ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಹೆತ್ತವರು ಬೆರಗಾಗುವಂತಹ ಒಂದು ಸಂಗತಿ ನಡೆಯುತ್ತದೆ. ಇತರ ದಿನಗಳಲ್ಲಿ ಮೂರು ಬಾರಿ ಕರೆದರೂ ಹೊದಿಕೆಯೊಳಗಿಂದ ಮುಖ ಹೊರಗೆ ಹಾಕದ ಮಕ್ಕಳು ಅಂದು ಯಾರೂ ಎಬ್ಬಿಸದೆಯೇ ಏಳುತ್ತಾರೆ. ಮಳೆಯ ಹನಿ ಇನ್ನೂ ಆರದ ಗಿಡಗಳ ನಡುವೆ ಬುಟ್ಟಿ ಹಿಡಿದು ನಡೆಯುತ್ತಾರೆ. ದಾಸವಾಳ, ಗೊಂಡೆ, ಕೇಪುಳ, ಗೌರಿ ಹೂ, ಹೆಸರೇ ತಿಳಿಯದ ಗುಡ್ಡದ ಹೂ, ಯಾವುದೂ ಅವರ ಕಣ್ಣಿಗೆ ಕಡಿಮೆಯದಲ್ಲ. ಮನೆಯ ಗಿಡ ಬರಿದಾದರೆ ನೆರೆಮನೆಯ ಬೇಲಿ ಇದ್ದೇ ಇದೆ. ನೆರೆಯವರು ಯಾವ ಮತದವರೇ ಆಗಿರಲಿ, ಮೋಂತಿ ಹಬ್ಬದ ಹೂವಿಗೆಂದು ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳುಹಿಸಿದ್ದನ್ನು ನಾವು ಕಂಡಿಲ್ಲ. ಒಂಬತ್ತು ದಿನಗಳ ನೊವೇನ ಪ್ರಾರ್ಥನೆಗೆ ಆ ಹೂವುಗಳನ್ನು ಇಗರ್ಜಿಗೆ ಒಯ್ದು, ಕೊಂಕಣಿ ಗೀತೆ ಹಾಡುತ್ತಾ, ಬಾಲೆ ಮರಿಯಮ್ಮನ ಪ್ರತಿಮೆಗೆ ಮುಷ್ಟಿ ಮುಷ್ಟಿಯಾಗಿ ಅರ್ಪಿಸುವಾಗ ಆ ಮುಖಗಳಲ್ಲಿ ಕಾಣುವ ಗಾಂಭೀರ್ಯವನ್ನು ಪರೀಕ್ಷೆಯ ಕೊಠಡಿಯಲ್ಲಿಯೂ ನಾವು ಕಾಣಲಾರೆವು.

ಸೆಪ್ಟೆಂಬರ್ 8ರಂದು ಮರಿಯಮ್ಮನ ಜನ್ಮೋತ್ಸವ. ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಮಕ್ಕಳ ಕೈಗೆ ಕಬ್ಬು ಬರುತ್ತದೆ. ಹೊಸ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚಿದ ಬಳಿಕ ಎಲೆಯ ಮೇಲೆ ತರಕಾರಿಯ ಊಟ. ಹಬ್ಬ ಮುಗಿಯುತ್ತದೆ.

ಮರುದಿನ, ಎಂದರೆ ಸೆಪ್ಟೆಂಬರ್ 9ರ ಬೆಳಗ್ಗೆ, ಅದೇ ಮಗುವನ್ನು ಮೂರು ಬಾರಿ ಕರೆಯಬೇಕಾಗುತ್ತದೆ.

ಒಂಬತ್ತು ದಿನ ತಾನಾಗಿ ಎದ್ದ ಮಗು ಹಬ್ಬದ ಮರುದಿನ ಏಕೆ ಏಳುವುದಿಲ್ಲ? ಈ ಪ್ರಶ್ನೆಯನ್ನು ನಾವು ಬಹುಕಾಲ ಸೋಮಾರಿತನ ಎಂಬ ಒಂದೇ ಪದದಿಂದ ಮುಚ್ಚಿಹಾಕಿದ್ದೆವು. ಆದರೆ ಯೋಚಿಸಿ ನೋಡಿದರೆ ಆ ಒಂಬತ್ತು ದಿನಗಳಲ್ಲಿ ಮಗುವಿಗೆ ದೊರೆತದ್ದು ಸಣ್ಣದಲ್ಲ. ಮಾಡಬೇಕಾದ ಕೆಲಸ ಒಂದೇ, ಅದೂ ಪುಟ್ಟ ಕೈಗೆ ಎಟಕುವಂಥದ್ದು. ಅದಕ್ಕೆ ಗೊತ್ತಾದ ಹೊತ್ತು ಇದೆ. ಜೊತೆಗೆ ಓರಗೆಯ ಮಕ್ಕಳಿದ್ದಾರೆ. ಅಮ್ಮನೂ ಬುಟ್ಟಿ ತೊಳೆಯಲು ಎದ್ದಿರುತ್ತಾಳೆ. ನಿನ್ನೆ ಹೂ ಕಡಿಮೆಯಾಯಿತೆಂದು ಇಂದು ಯಾರೂ ಗದರುವುದಿಲ್ಲ. ಪಕ್ಕದ ಮನೆಯ ಹುಡುಗಿ ಎಷ್ಟು ಹೂ ತಂದಳು, ನೀನು ಎಷ್ಟು ತಂದೆ ಎಂದು ಗುರುಗಳು ಪಟ್ಟಿ ಹಿಡಿದು ಕೇಳುವುದಿಲ್ಲ. ಹಬ್ಬದ ಮರುದಿನ ಇವೆಲ್ಲವೂ ಒಂದೇ ಏಟಿಗೆ ಇಲ್ಲವಾಗುತ್ತವೆ. ಉಳಿಯುವುದು "ಏಳು" ಎಂಬ ಕೂಗು ಮಾತ್ರ.

ಇದನ್ನು ಬರೆಯುವ ಅಧಿಕಾರ ನಮಗಿದೆಯೇ ಎಂಬ ಸಂಕೋಚವೂ ಇದೆ. ಏಕೆಂದರೆ ಈ ವಿಷಯದಲ್ಲಿ ನಾವು ಸೋತ ಹೆತ್ತವರು. ನಮ್ಮ ಮಗ ಎಂಟನೆಯ ತರಗತಿಗೆ ಕಾಲಿಟ್ಟ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಕುಳಿತು ಅವನಿಗೊಂದು ವೇಳಾಪಟ್ಟಿ ಸಿದ್ಧಪಡಿಸಿದೆವು. ಬೆಳಗ್ಗೆ ಐದಕ್ಕೆ ಏಳುವುದು, ಪ್ರಾರ್ಥನೆ, ಗಣಿತ, ವ್ಯಾಯಾಮ, ಶಾಲೆಯಿಂದ ಬಂದ ಬಳಿಕ ಇಂಗ್ಲಿಷ್, ಜಪಸರ, ವಿಜ್ಞಾನ, ಹತ್ತಕ್ಕೆ ನಿದ್ದೆ. ಅಂದವಾಗಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕಪಾಟಿನ ಬಾಗಿಲಿಗೆ ಅಂಟಿಸಿದೆವು. ಮೊದಲ ವಾರ ಮನೆಯೇ ಗುರುಮಠದಂತೆ ಕಂಡಿತು. ಎರಡನೆಯ ವಾರ ಗಣಿತ ಜಾರಿತು. ಮೂರನೆಯ ವಾರದ ಒಂದು ರಾತ್ರಿ, ದಣಿದು ಬಂದ ಸಿಟ್ಟಿನಲ್ಲಿ, "ನಿನ್ನಿಂದ ಯಾವುದೂ ಪೂರ್ತಿಯಾಗುವುದಿಲ್ಲ" ಎಂಬ ಮಾತು ನಮ್ಮ ಬಾಯಿಂದ ಬಂತು. ಮರುದಿನ ಆ ಕಾಗದ ಕಪಾಟಿನ ಮೇಲಿರಲಿಲ್ಲ. ಕಸದ ಬುಟ್ಟಿಯಲ್ಲಿಯೂ ಇರಲಿಲ್ಲ. ತಿಂಗಳ ಬಳಿಕ ಹಾಸಿಗೆ ಬಿಸಿಲಿಗೆ ಹಾಕುವಾಗ ನಾಲ್ಕು ಮಡಿಕೆಯಾಗಿ ಹಾಸಿಗೆಯ ಕೆಳಗೆ ಸಿಕ್ಕಿತು. ಹರಿದು ಎಸೆದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಪಟ್ಟಿಯಂತೆ ನಡೆಯಬೇಕೆಂಬ ಆಸೆ ಅವನಿಗೂ ಇತ್ತು. ಅದನ್ನು ಅವನು ನಮ್ಮಿಂದ ಅಡಗಿಸಿಟ್ಟುಕೊಂಡಿದ್ದನು, ಅಷ್ಟೇ.

ಆ ದಿನಗಳಲ್ಲಿ ನಮ್ಮ ಮನಸ್ಸು ಮತ್ತೆ ಮತ್ತೆ ಹೋದದ್ದು ಒಂದು ದೂರದ ಮನೆಗೆ. ಕೈಯಲ್ಲಿ ಶಿಲುಬೆ, ಮೇಲೆ ಗುಲಾಬಿಗಳ ರಾಶಿ ಹಿಡಿದ ಯುವ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯ ಚಿತ್ರವನ್ನು ನಮ್ಮ ಅದೆಷ್ಟೋ ಇಗರ್ಜಿಗಳಲ್ಲಿ, ಮನೆಯ ಪೀಠಗಳಲ್ಲಿ ನಾವು ನೋಡುತ್ತಾ ಬೆಳೆದವರು. ಆಕೆ ಬಾಲಯೇಸುವಿನ ಸಂತ ತೆರೇಸಾ. ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸ್ ದೇಶದ ಅಲಾಂಸೋನ್ ಎಂಬ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸಗಾರರು. ತಾಯಿ ಝೆಲಿ ಆ ಪಟ್ಟಣಕ್ಕೆ ಹೆಸರು ತಂದ ಸೂಕ್ಷ್ಮ ಲೇಸ್ ಕಸೂತಿಯ ಉದ್ಯಮ ನಡೆಸುತ್ತಿದ್ದವರು. ಹೆತ್ತದ್ದು ಒಂಬತ್ತು ಮಕ್ಕಳನ್ನು. ನಾಲ್ವರು ಎಳವೆಯಲ್ಲಿಯೇ ತೀರಿಕೊಂಡು ಐವರು ಹೆಣ್ಣುಮಕ್ಕಳು ಉಳಿದರು. ಕೊನೆಯವಳೇ ತೆರೇಸಾ. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್ ಅವರು ಈ ದಂಪತಿಗಳಿಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಗಂಡಹೆಂಡಿರಿಬ್ಬರಿಗೂ ಹೀಗೆ ಒಂದೇ ಸಮಾರಂಭದಲ್ಲಿ ಸಂತಪದವಿ ದೊರೆತದ್ದು ಅದೇ ಮೊದಲು.

ಝೆಲಿ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಅವುಗಳನ್ನು ಓದಿದವರಿಗೆ ಅದು ಸಂತರ ಮನೆಗಿಂತ ಹೆಚ್ಚಾಗಿ ನಮ್ಮ ನಿಮ್ಮ ಮನೆಯಂತೆಯೇ ಕಾಣುತ್ತದೆ. ಕೆಲಸದ ಒತ್ತಡ, ಕೆಮ್ಮುವ ಮಕ್ಕಳು, ಹಟಮಾರಿ ಮಗಳು. ತೆರೇಸಾಗೆ ನಾಲ್ಕು ವರ್ಷವಾಗುವ ಸುಮಾರಿಗೆ ಹಿರಿಯ ಅಕ್ಕ ಮರಿಯಾ ತನ್ನ ಪುಟ್ಟ ತಂಗಿಯರಿಗೆ ಮಣಿಸರವೊಂದನ್ನು ಕೊಟ್ಟಳು. ಜಪಸರವಲ್ಲ. ಒಂದು ಸಣ್ಣ ತ್ಯಾಗ ಮಾಡಿದಾಗ, ಜಗಳಕ್ಕೆ ಬಾಯಿ ತೆರೆಯದೆ ಸುಮ್ಮನಾದಾಗ, ಒಂದು ಮಣಿಯನ್ನು ಜರುಗಿಸಬೇಕು. ತೆರೇಸಾ ದಿನದಲ್ಲಿ ಎಷ್ಟೋ ಸಲ ಜೇಬಿಗೆ ಕೈಹಾಕಿ ಮಣಿ ಎಳೆಯುತ್ತಿದ್ದಳೆಂದು ತಾಯಿ ನಗುತ್ತಾ ಬರೆದಿದ್ದಾರೆ.

ಜೇಬು ಎಂಬ ಈ ವಿವರವನ್ನು ವಾಚಕರು ದಯಮಾಡಿ ಗಮನಿಸಬೇಕು. ಮಣಿಸರ ಗೋಡೆಯ ಮೇಲೆ ತೂಗುತ್ತಿರಲಿಲ್ಲ. ಬಂದ ನೆಂಟರು ನೋಡಿ ಹೊಗಳಲಿಲ್ಲ. ಎಷ್ಟು ಮಣಿಗೆ ಎಷ್ಟು ಮಿಠಾಯಿ ಎಂಬ ದರವೂ ಇರಲಿಲ್ಲ. ಲೆಕ್ಕ ಮಗುವಿನದು, ಜೇಬೂ ಮಗುವಿನದು. ನಮ್ಮ ಕೆಂಪು ಗೆರೆಯ ಪಟ್ಟಿಯಾದರೋ ಕಪಾಟಿನ ಬಾಗಿಲಲ್ಲಿತ್ತು. ಅದರ ಎದುರು ನಿಂತಾಗಲೆಲ್ಲ ಮಗನಿಗೆ ಕಾಣುತ್ತಿದ್ದುದು ಮಾಡಿದ ಕೆಲಸವಲ್ಲ, ಮಾಡದೆ ಉಳಿದ ಕೆಲಸ.

ಬಹುಮಾನದ ವಿಷಯ ಬಂದುದರಿಂದ ಇನ್ನೊಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಶಿಶುಶಾಲೆಯಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಕೊಡಲಾಯಿತು ಕೂಡ. ಕೆಲವು ದಿನಗಳ ಬಳಿಕ ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ ಆ ಮಕ್ಕಳು ತಾವಾಗಿ ಪೆನ್ನು ಹಿಡಿಯುವ ಹೊತ್ತು ಇತರರದರ ಅರ್ಧದಷ್ಟಕ್ಕೆ ಇಳಿದಿತ್ತು. ಮೊದಲು ಏನೂ ಹೇಳದೆ, ಬಿಡಿಸಿದ ಬಳಿಕ ಅಚ್ಚರಿಯಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಮೋಂತಿ ಹಬ್ಬದ ಕಬ್ಬು ಇಲ್ಲಿ ನೆನಪಿಗೆ ಬರುತ್ತದೆ. ಅದು ಸಿಗುವುದು ಎಲ್ಲ ಮಕ್ಕಳಿಗೂ. ಒಂದು ಬುಟ್ಟಿ ಹೂ ತಂದವನಿಗೂ, ಒಂದೇ ದಾಸವಾಳ ತಂದವಳಿಗೂ. "ಪ್ರತಿಶತ ತೊಂಬತ್ತು ತೆಗೆದರೆ ಸೈಕಲ್, ತೊಂಬತ್ತೈದು ತೆಗೆದರೆ ಮೊಬೈಲ್" ಎಂಬ ನಮ್ಮ ಮನೆಗಳ ಒಪ್ಪಂದಗಳು ಆ ಕಬ್ಬಿನಂಥವಲ್ಲ.

ಅಲಾಂಸೋನಿನ ಮನೆಗೆ ಮರಳೋಣ. ಸಂತ ತೆರೇಸಾಳನ್ನು ಮಾತ್ರ ಹೇಳಿ ನಿಲ್ಲಿಸಿದರೆ ಆ ಮನೆಯ ಕಥೆ ಅರ್ಧವಾಗುತ್ತದೆ, ಮತ್ತು ನಮ್ಮಂತಹ ಹೆತ್ತವರಿಗೆ ಬೇಕಾದುದು ಉಳಿದ ಅರ್ಧವೇ. ಐವರಲ್ಲಿ ನಡುವಿನವಳು ಲಿಯೋನಿ. ಹುಟ್ಟಿದ್ದು 1863ರಲ್ಲಿ. ಎಳವೆಯಲ್ಲಿ ರೋಗಿಷ್ಠೆ, ಕಲಿಕೆಯಲ್ಲಿ ಹಿಂದೆ, ಮಾತು ಕೇಳದವಳು. ದೊಡ್ಡಮ್ಮನೇ ಕನ್ಯಾಸ್ತ್ರೀಯಾಗಿದ್ದ ಲ ಮಾನ್ ನಗರದ ಮಠದ ಶಾಲೆಯಿಂದಲೂ ಅವಳನ್ನು ಒಮ್ಮೆಯಲ್ಲ, ಮತ್ತೆ ಮತ್ತೆ ಮನೆಗೆ ಕಳುಹಿಸಲಾಯಿತು. ತನ್ನ ಮಕ್ಕಳಲ್ಲಿ ಈ ಒಬ್ಬಳಿಗೆ ಮಾತ್ರ ಏಕೆ ಯಾವ ಮಾತೂ ನಾಟುವುದಿಲ್ಲ ಎಂದು ಝೆಲಿ ಕೊರಗಿದರು. ಪ್ರೀತಿಯಿಂದ ಹೇಳಿ ನೋಡಿದರು, ಗದರಿ ನೋಡಿದರು. ಫಲವಿಲ್ಲ.

1877ರಲ್ಲಿ ಕಾರಣ ಬಯಲಾಯಿತು. ಮನೆಯಲ್ಲಿ ವರ್ಷಗಳಿಂದಿದ್ದ, ಎಲ್ಲರೂ ನಂಬಿದ್ದ ಕೆಲಸದಾಕೆ, ಲಿಯೋನಿಯನ್ನು ಗುಟ್ಟಾಗಿ ಹೆದರಿಸಿ ತನ್ನೊಬ್ಬಳ ಮಾತನ್ನೇ ಕೇಳುವಂತೆ ಮಾಡಿಕೊಂಡಿದ್ದಳು. ತಾಯಿಗೆ ಹೇಳಲು ಮಗುವಿಗೆ ಧೈರ್ಯವಿರಲಿಲ್ಲ. ಹಿರಿಯಕ್ಕ ಮರಿಯಾ ಇದನ್ನು ಪತ್ತೆಹಚ್ಚಿದಳು. ಆ ಭಯದ ಹಿಡಿತ ಸಡಿಲಿದೊಡನೆ ಲಿಯೋನಿ ತಾಯಿಯ ಸೆರಗು ಬಿಡದಾದಳು. ಆದರೆ ತಾಯಿಗೆ ಉಳಿದಿದ್ದ ಕಾಲ ಅಲ್ಪ. ಸ್ತನದ ಕ್ಯಾನ್ಸರಿನಿಂದ ಬಳಲುತ್ತಿದ್ದ ಝೆಲಿ ಅದೇ ವರ್ಷದ ಆಗಸ್ಟ್ 28ರಂದು ಕಣ್ಣುಮುಚ್ಚಿದರು.

ಹಟ, ಸೋಮಾರಿತನ, ಕಳ್ಳಾಟ ಎಂದು ನಾವು ಹೆಸರಿಡುವ ಎಷ್ಟೋ ನಡತೆಗಳ ಹಿಂದೆ ಮಗು ನಮಗೆ ಹೇಳಲಾರದ ಒಂದು ಸಂಗತಿ ಇರಬಹುದು. ಶಾಲೆಯ ಬಸ್ಸಿನಲ್ಲಿ ಕಾಡುವ ದೊಡ್ಡ ಹುಡುಗ, ಕಪ್ಪುಹಲಗೆ ಸರಿಯಾಗಿ ಕಾಣದ ಕಣ್ಣು, ಅಕ್ಷರಗಳು ತಲೆಕೆಳಗಾಗುವ ತೊಂದರೆ, ಮನೆಯಲ್ಲಿ ತಂದೆತಾಯಿ ತಗ್ಗಿದ ಸ್ವರದಲ್ಲಿ ಆಡುವ ಜಗಳ. ಒಳ್ಳೆಯ ಅಭ್ಯಾಸದ ಪಾಠ ಹೇಳುವ ಮೊದಲು ಒಮ್ಮೆ ಕೇಳಿಸಿಕೊಳ್ಳುವುದು ಉಚಿತ. ಸಂತ ಝೆಲಿಯಂತಹ ತಾಯಿಗೂ ಇದು ವರ್ಷಗಟ್ಟಲೆ ಕಾಣಲಿಲ್ಲ ಎಂಬುದು ನಮ್ಮಂತಹವರಿಗೆ ಎಚ್ಚರಿಕೆಯೂ ಹೌದು, ಒಂದಿಷ್ಟು ಸಮಾಧಾನವೂ ಹೌದು.

ಲಿಯೋನಿಯ ಮುಂದಿನ ಬದುಕು ಇನ್ನೂ ಸ್ವಾರಸ್ಯಕರ. ಅವಳ ಗುರಿ ಕನ್ಯಾಸ್ತ್ರೀಯಾಗುವುದು. 1886ರಲ್ಲಿ ಕ್ಲಾರ ಸಭೆಯ ಮಠ ಸೇರಿ ಕೆಲವೇ ವಾರಗಳಲ್ಲಿ ಹಿಂದಿರುಗಿದಳು. 1887ರಲ್ಲಿ ಕಾನ್ ನಗರದ ವಿಸಿಟೇಶನ್ ಮಠ ಸೇರಿದಳು, ಮುಂದಿನ ವರ್ಷದ ಆರಂಭದಲ್ಲಿ ಮರಳಿದಳು. 1893ರಲ್ಲಿ ಮತ್ತೆ ಅಲ್ಲಿಗೇ ಹೋಗಿ 1895ರಲ್ಲಿ ಮತ್ತೆ ಮನೆಗೆ ಬಂದಳು. ಮೂರು ಬಾರಿ ಊರ ಜನರ ಎದುರು ಪೆಟ್ಟಿಗೆ ಹೊತ್ತು ಮರಳಿ ಬರುವುದೆಂದರೇನೆಂದು, ಗುರುಮಠದಿಂದಲೋ ಕನ್ಯಾಮಠದಿಂದಲೋ ಮಕ್ಕಳು ಹಿಂದಿರುಗಿದ ಮನೆಯವರಿಗೆ ನಾವು ವಿವರಿಸಬೇಕಾಗಿಲ್ಲ. 1899ರ ಜನವರಿಯಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ನಾಲ್ಕನೆಯ ಬಾರಿ ಹೊರಟಳು. ಅಷ್ಟರಲ್ಲಿ ತಂಗಿ ತೆರೇಸಾ ಲಿಸ್ಯೂವಿನ ಕಾರ್ಮೆಲ್ ಮಠದಲ್ಲಿ ತೀರಿಕೊಂಡಿದ್ದಳು. ಈ ಬಾರಿ ಲಿಯೋನಿ ಹಿಂದಿರುಗಲಿಲ್ಲ. 1941ರ ಜೂನ್ ತಿಂಗಳಲ್ಲಿ ಸಾಯುವವರೆಗೆ, ನಲವತ್ತೆರಡು ವರ್ಷ, ಅದೇ ಮಠದಲ್ಲಿ ಬಾಳಿದಳು. ಅವಳನ್ನು ಸಂತರ ಸಾಲಿಗೆ ಸೇರಿಸುವ ಕಾರ್ಯವಿಧಾನ 2015ರಲ್ಲಿ ಆರಂಭಗೊಂಡಿತು. ಆ ಮನೆಯಲ್ಲಿ ಯಾರಾದರೂ ಮೂರನೆಯ ಸೋಲಿನ ಬಳಿಕ "ನಿನ್ನಿಂದ ಯಾವುದೂ ಪೂರ್ತಿಯಾಗುವುದಿಲ್ಲ" ಎಂದು ತೀರ್ಪು ಕೊಟ್ಟು ಬಾಗಿಲು ಮುಚ್ಚಿದ್ದರೆ ನಾಲ್ಕನೆಯ ಪ್ರಯತ್ನ ಎಲ್ಲಿಂದ ಬರುತ್ತಿತ್ತು?

ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಹಾಗೆಯೇ ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಅಭ್ಯಾಸ ನೆಲೆಗೊಳ್ಳುತ್ತದೆ ಎಂಬ ಮಾತೂ ಹೆತ್ತವರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಇಪ್ಪತ್ತೊಂದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ಬಳಿಕ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಸುಮಾರು ಅಷ್ಟು ದಿನ ಹಿಡಿಯುತ್ತದೆಂದು ಅವರು ಗಮನಿಸಿದ್ದರು. ಮುಖ ಒಗ್ಗುವುದಕ್ಕೂ ಮುಂಜಾನೆ ಐದಕ್ಕೆ ಏಳುವುದಕ್ಕೂ ಏನು ಸಂಬಂಧವೆಂದು ಯಾರೂ ಕೇಳಿದಂತಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. 96 ಮಂದಿ ತಮಗೆ ಬೇಕಾದ ಒಂದೊಂದು ಸಣ್ಣ ಅಭ್ಯಾಸವನ್ನು ಆರಿಸಿಕೊಂಡು, ಬೆಳಗಿನ ಉಪಾಹಾರದ ಬಳಿಕ ಎಂಬಂತೆ ಪ್ರತಿದಿನವೂ ಒಂದೇ ಸಂದರ್ಭಕ್ಕೆ ಜೋಡಿಸಿ, 12 ವಾರ ಪಾಲಿಸಿದರು. ಯೋಚಿಸದೆಯೇ ಕೆಲಸ ನಡೆಯುವ ಹಂತಕ್ಕೆ ಬರಲು ಹಿಡಿದ ಅವಧಿಯ ಮಧ್ಯಾಂಕ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಹೇಳಿತು. ಅವರೆಲ್ಲ ವಯಸ್ಕರು, ಮಕ್ಕಳಲ್ಲ ಎಂಬುದನ್ನು ಮರೆಯಬಾರದು. ಆದರೂ ಆ ವರದಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಒಂದು ಅಂಶವಿದೆ. ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿ ಆಗಿರಲಿಲ್ಲ.

ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿ ಬೆಳೆದ ನಮಗೆ ಇದು ಹೊಸ ಮಾತಾಗಬಾರದಿತ್ತು. ಬಿದ್ದವನು ಎದ್ದು ಮತ್ತೆ ನಡೆಯಬಹುದು ಎಂಬುದನ್ನು ಆತ್ಮದ ವಿಷಯದಲ್ಲಿ ನಂಬುವ ನಾವು ಗಣಿತದ ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲದ ನ್ಯಾಯಾಧೀಶರಾಗುತ್ತೇವೆ!

ಗುರಿಯ ಅಳತೆಯ ಬಗೆಗೂ ಒಂದು ಮಾತು ಹೇಳದಿರಲಾಗದು. ಸಂತ ಜಾನ್ ಬೋಸ್ಕೊ ಅವರು ಇಟಲಿಯ ಟ್ಯೂರಿನ್ ನಗರದಲ್ಲಿ ಬಡ ಹುಡುಗರಿಗಾಗಿ ನಡೆಸುತ್ತಿದ್ದ ಆಶ್ರಮಕ್ಕೆ 1854ರ ಅಕ್ಟೋಬರಿನಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಬಂದು ಸೇರಿದನು. ಕಮ್ಮಾರನ ಮಗ, ತಾಯಿ ಬಟ್ಟೆ ಹೊಲಿಯುವವಳು. ಮುಂದೆ ನಮ್ಮ ಬಲಿಪೀಠದ ಬಾಲಕರಿಗೆ ಮಾದರಿಯಾದ ಸಂತ ಡೊಮಿನಿಕ್ ಸಾವಿಯೊ ಅವನೇ. ಎಲ್ಲರೂ ಸಂತರಾಗಬಹುದೆಂಬ ಪ್ರಬೋಧನೆಯೊಂದನ್ನು ಕೇಳಿದ ಬಳಿಕ ಹುಡುಗ ಮಂಕಾದನು. ಆಟ ಬಿಟ್ಟನು. ಬಹಳ ಹೊತ್ತು ಪ್ರಾರ್ಥಿಸಬೇಕು, ಕಠಿಣ ತಪಸ್ಸು ಮಾಡಬೇಕು ಎಂದುಕೊಂಡನು. ಚಳಿಗಾಲದಲ್ಲಿ ತೆಳುವಾದ ಹೊದಿಕೆಯಲ್ಲಿ ಮಲಗಿದನು. ಬೋಸ್ಕೊ ಇದನ್ನು ಕಂಡು ಮೆಚ್ಚಲಿಲ್ಲ, ತಡೆದರು. ಅನುಮತಿಯಿಲ್ಲದೆ ಅಂತಹ ಯಾವ ದೇಹದಂಡನೆಯನ್ನೂ ಮಾಡಕೂಡದೆಂದರು. ಉಲ್ಲಾಸದಿಂದಿರು, ಪಾಠವನ್ನೂ ಪ್ರಾರ್ಥನೆಯನ್ನೂ ಹೊತ್ತಿಗೆ ಸರಿಯಾಗಿ ಮಾಡು, ಗೆಳೆಯರೊಂದಿಗೆ ಆಡು ಎಂಬುದೇ ಅವರ ಸಲಹೆಯ ಸಾರ. ಸಂತನಾಗುವ ಗುರಿಯನ್ನು ಅವರು ಕಿರಿದುಗೊಳಿಸಲಿಲ್ಲ. ಅದಕ್ಕೆ ಹೋಗುವ ದಾರಿಯನ್ನು ಹುಡುಗನ ಕಾಲಿನ ಅಳತೆಗೆ ತಂದರು. ಡೊಮಿನಿಕ್ 1857ರ ಮಾರ್ಚ್ 9ರಂದು, ಇನ್ನೂ ಹದಿನೈದು ತುಂಬದೆ, ತೀರಿಕೊಂಡನು. 1954ರಲ್ಲಿ ಸಂತಪದವಿಗೇರಿದನು.

ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಗುರಿಯನ್ನೂ ನಾವೇ ಆರಿಸುತ್ತೇವೆ, ದಾರಿಯನ್ನೂ ನಾವೇ ಉದ್ದಗೊಳಿಸುತ್ತೇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗೆಗೆ ಹೊರಡಿಸಿದ ಘೋಷಣೆಯಲ್ಲಿ ಹೆತ್ತವರೇ ಮಕ್ಕಳ ಮೊದಲ ಮತ್ತು ಪ್ರಧಾನ ಶಿಕ್ಷಕರೆಂದು ಸಾರಿತು. ಆ ಮಾತನ್ನು ನಾವು ಅಧಿಕಾರಪತ್ರವೆಂದು ಓದಿಕೊಂಡೆವು, ಕರ್ತವ್ಯವೆಂದು ಓದಲಿಲ್ಲ. ಸಂಜೆ ಏಳಕ್ಕೆ ಮಗ ಪುಸ್ತಕ ಹಿಡಿಯಬೇಕು. ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಏನಿರುತ್ತದೆ? ಮೊಬೈಲು. ಜಪಸರದ ನಾಲ್ಕನೆಯ ರಹಸ್ಯ ನಡೆಯುತ್ತಿರುವಾಗ ಸದ್ದು ಮಾಡಿದ ಮೊಬೈಲನ್ನು ಮಗುಚಿ ನೋಡಿದ ಕೈ ನಮ್ಮದೇ. ಅದನ್ನು ಮಕ್ಕಳು ನೋಡಿಲ್ಲವೆಂದು ನಾವು ಭಾವಿಸಿದ್ದರೆ ಅದು ನಮ್ಮ ಭೋಳೆತನ.

ನಮ್ಮ ಪರಿಚಯದ ಒಂದು ಮನೆಯಿದೆ. ತಂದೆ ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುವವರು. ಎರಡು ವರ್ಷಕ್ಕೊಮ್ಮೆ ರಜೆ. ಮಗಳು ಐದನೆಯ ತರಗತಿಯಲ್ಲಿದ್ದಾಗ, ದಿನವೂ ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದುವ ಅಭ್ಯಾಸ ಬೆಳೆಸಬೇಕೆಂದು ತಂದೆ ಫೋನಿನಲ್ಲಿ ದಿನಾಲೂ ವಿಚಾರಿಸುತ್ತಿದ್ದರು. "ಓದಿದೆಯಾ?" "ಓದಿದೆ ಪಪ್ಪಾ." ಓದಿರುತ್ತಿರಲಿಲ್ಲ. ಒಂದು ದಿನ ಅವರು ವಿಚಾರಿಸುವುದನ್ನು ಬಿಟ್ಟು, ತಾವೇ ಒಂದು ಕೊಂಕಣಿ ಪುಸ್ತಕ ಹಿಡಿದು, "ಮೊದಲು ನಾನು ಒಂದು ಪುಟ ಓದುತ್ತೇನೆ, ನೀನು ಕೇಳು. ಬಳಿಕ ನೀನು ಓದು, ನಾನು ಕೇಳುತ್ತೇನೆ" ಎಂದರಂತೆ. ಕನ್ನಡ ಶಾಲೆಯಲ್ಲಿ ಕಲಿತು, ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಮನುಷ್ಯ ಅವರು. ಓದುವಾಗ ತಡವರಿಸುತ್ತಿದ್ದರು. ಮಗಳು ತಿದ್ದುತ್ತಿದ್ದಳು. ತಿದ್ದುವ ಆ ಖುಷಿಗಾಗಿಯೇ ಅವಳು ಹೊತ್ತಿಗೆ ಸರಿಯಾಗಿ ಫೋನಿನ ಮುಂದೆ ಕುಳಿತುಕೊಳ್ಳುತ್ತಿದ್ದಳೆಂದು ತಾಯಿ ನಮಗೆ ಹೇಳಿದರು. ಕೆಲಸದ ಪಾಳಿ ಬದಲಾದ ವಾರಗಳಲ್ಲಿ ಓದು ನಿಲ್ಲುತ್ತಿತ್ತು. ಪಾಳಿ ಸರಿಯಾದೊಡನೆ, ನಿಂತ ಪುಟದಿಂದಲೇ ಮತ್ತೆ ಆರಂಭ. ನಿಂತ ದಿನಗಳ ಬಗೆಗೆ ಇಬ್ಬರೂ ಮಾತೆತ್ತುತ್ತಿರಲಿಲ್ಲ.

ನಮ್ಮ ಮಗನ ಕಥೆಗೆ ಬಂದರೆ, ಹಾಸಿಗೆಯ ಕೆಳಗೆ ಸಿಕ್ಕ ಕಾಗದವನ್ನು ಏನು ಮಾಡುವುದೆಂದು ತಿಳಿಯದೆ ನಾವು ಅಮ್ಮನಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿ, "ಇದರಲ್ಲಿ ಅವನು ಹೇಳಿದ್ದು ಯಾವುದು?" ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನಾವು ಮಗನ ಕ್ಷಮೆ ಕೇಳಿದೆವು. ಹೇಳುವಷ್ಟು ಸುಲಭವಾಗಿ ಆಗಲಿಲ್ಲ ಅದು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದನು. ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ತನಗೆ ಬರುವ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಏನಾದರೂ ಮಾಡಬೇಕೆಂಬ ಆಸೆಯಿದೆಯೆಂದೂ, ವಿದ್ಯುತ್ತಿನ ಪಾಠ ಅರ್ಥವಾಗದೆ ನಾಚಿಕೆಯಿಂದ ಯಾರನ್ನೂ ಕೇಳಿಲ್ಲವೆಂದೂ ಅಜ್ಜಿಯ ಬಳಿ ಹೇಳಿದನು. ನಮ್ಮ ಬಳಿಯಲ್ಲ.

ಅಮ್ಮ ಅಡುಗೆಮನೆಯಿಂದ ಎರಡು ಖಾಲಿ ಕಾಫಿಪುಡಿ ಡಬ್ಬಿ ತಂದರು. ಒಂದರಲ್ಲಿ ಹುಣಸೆಬೀಜ ತುಂಬಿದರು. ತಾವು ಚಿಕ್ಕಂದಿನಲ್ಲಿ ನೊವೇನದ ದಿನಗಳನ್ನು ಲೆಕ್ಕ ಹಾಕುತ್ತಿದ್ದುದು ಹುಣಸೆಬೀಜದಿಂದಲೇ ಎಂದರು. ರಾತ್ರಿ ಜಪಸರ ಮುಗಿದೊಡನೆ, ಊಟಕ್ಕೆ ಮೊದಲು, ಆ ಪಾಠದಲ್ಲಿ ಒಂದೇ ಒಂದು ಪುಟ. ಓದಿ ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು. ಹೇಳಿದ ಬಳಿಕ ಒಂದು ಬೀಜ ಆ ಡಬ್ಬಿಯಿಂದ ಈ ಡಬ್ಬಿಗೆ. ವೋಲ್ಟೇಜು, ಆಂಪಿಯರು ಎಂಬುದನ್ನು ನಾಲ್ಕನೆಯ ತರಗತಿಯವರೆಗೆ ಓದಿದ ಮುದುಕಿಗೆ ತಿಳಿಯುವಂತೆ ಹೇಳಬೇಕಾದರೆ ಹುಡುಗ ಎಷ್ಟು ಸಲ ಪುಟ ಹಿಂದೆ ತಿರುವಬೇಕಾಯಿತೆಂಬುದನ್ನು ನಾವು ಅಡುಗೆಮನೆಯಿಂದಲೇ ಕೇಳುತ್ತಿದ್ದೆವು. ಅಲ್ಲಿಗೆ ಹೋಗಿ ವಿವರಿಸಲು ನಮ್ಮಲ್ಲೊಬ್ಬರು ಎರಡು ಬಾರಿ ಎದ್ದುದುಂಟು. ಇನ್ನೊಬ್ಬರು ಕೈಹಿಡಿದು ಕೂರಿಸಿದ್ದೂ ಉಂಟು.

ಆ ವರ್ಷ ಅವನ ವಿಜ್ಞಾನದ ಅಂಕ ತುಸು ಮೇಲೇರಿತು, ಗಣಿತದ್ದು ಇದ್ದಲ್ಲಿಯೇ ಇತ್ತು. ಪ್ರದರ್ಶನಕ್ಕೆ ಅವನು ಮಾಡಿದ ಗಾಳಿಯಂತ್ರದ ಮಾದರಿ ಉದ್ಘಾಟನೆಯ ಹೊತ್ತಿಗೆ ತಿರುಗಲಿಲ್ಲ, ಮಧ್ಯಾಹ್ನ ತಿರುಗಿತು. ಬೆಳಗ್ಗೆ ಐದಕ್ಕೆ ಅವನು ಎದ್ದದ್ದು ಮುಂದಿನ ಆಗಸ್ಟ್ 30ರಂದು ಮಾತ್ರ, ತಂಗಿಗೆ ಎಟಕದ ದಾಸವಾಳದ ಕೊಂಬೆ ಬಗ್ಗಿಸಲು.

ಡಬ್ಬಿಗಳೆರಡೂ ಈಗಲೂ ಅಮ್ಮನ ಕೋಣೆಯ ಕಿಟಕಿಯ ಬಳಿ ಇವೆ. ಜಪಸರ ಮುಗಿದು ನಾವು ತಟ್ಟೆ ಹಾಕುವ ಹೊತ್ತಿಗೆ ಕೆಲವು ರಾತ್ರಿ ತಗಡಿನ ಮೇಲೆ ಬೀಜ ಬಿದ್ದ ಸದ್ದು ಕೇಳುತ್ತದೆ. ಕೆಲವು ರಾತ್ರಿ ಕೇಳುವುದಿಲ್ಲ. ಮುಚ್ಚಳ ತೆಗೆದು ನಾವು ಒಮ್ಮೆಯೂ ಎಣಿಸಿಲ್ಲ.